ಕೊಳಗ ಯಾರ ಕೈಯಲ್ಲಿ? ಟೆಕ್ಸಾಸಿನಲ್ಲಿ ಎಣ್ಣೆ ಲೀಸ್‌ಗೆ ಸಹಿ ಹಾಕಿದ ಕಥೆ

ಫೆಬ್ರವರಿ 2023ರ ಒಂದು ಶನಿವಾರ ಪೋಸ್ಟ್ ಡಬ್ಬಿಯಲ್ಲಿ ದಪ್ಪ ಕವರ್ ಬಿದ್ದಿತ್ತು. ಒಳಗೆ ಎರಡು ಪುಟದ ಪತ್ರ, ಇರುವೆ ಸಾಲಿನಂಥ ಅಕ್ಷರಗಳ ಐದು ಪುಟದ ಲೀಸ್, ತೆರಿಗೆಯವರ ಡಬ್ಲ್ಯೂ-9 ಫಾರಂ, ಜೊತೆಗೆ ಚೆಕ್ ಥರ ಕಾಣುವ ಒಂದು ಹಾಳೆ. ಹಾಳೆಯ ಮೇಲೆ ನನ್ನ ಹೆಸರು, ಮುಂದೆ 6,000 ಡಾಲರ್. ನಿಮ್ಮ ಜಮೀನಿನ ಕೆಳಗಿನ ಎಣ್ಣೆ ಮತ್ತು ಗ್ಯಾಸ್ ನಮಗೆ ಲೀಸ್‌ಗೆ ಕೊಡಿ, ಸಹಿ ಹಾಕಿ ವಾಪಸ್ ಕಳಿಸಿ ಅಂತ ಪತ್ರ.

ನಾವಿರುವುದು ಆಸ್ಟಿನ್‌ನಲ್ಲಿ. 2017ರಲ್ಲಿ ಗೊನ್ಸಾಲೆಸ್ ಕೌಂಟಿಯಲ್ಲಿ 12 ಎಕರೆ ತೆಗೆದುಕೊಂಡಿದ್ದೆವು. ಸಾಗರದ ಕಡೆಯವನಿಗೆ ತೋಟ ಅಂತ ಒಂದು ಇರದಿದ್ದರೆ ಸಮಾಧಾನ ಇಲ್ಲ, ಅಷ್ಟೇ. ನುಗ್ಗೆ, ಬೆಂಡೆ, ಒಂದು ಬೋರ್‌ವೆಲ್, ಒಂದು ತಗಡಿನ ಶೆಡ್. 2021ರ ಫೆಬ್ರವರಿಯ ಹಿಮಗಾಳಿಗೆ ನುಗ್ಗೆ ಮರಗಳು ಬುಡದವರೆಗೆ ಸುಟ್ಟು ಹೋಗಿ ಮತ್ತೆ ಚಿಗುರಿದ್ದವು. ಆ ನೆಲದ ಕೆಳಗೆ ಈಗಲ್ ಫೋರ್ಡ್ ಅನ್ನುವ ಶೇಲ್ ಕಲ್ಲಿನ ಪದರ ಇದೆ, ಅದರಲ್ಲಿ ಎಣ್ಣೆ ಇದೆ ಅಂತ ಗೊತ್ತಿತ್ತು. ಅದು ನಮ್ಮದೂ ಆಗಿರಬಹುದು ಅಂತ ಮಾತ್ರ ಹೊಳೆದಿರಲಿಲ್ಲ. ಊರಲ್ಲಿ ತೋಟದ ಕೆಳಗೆ ಎಣ್ಣೆ ಸಿಕ್ಕರೆ ಅದು ಸರ್ಕಾರದ್ದು. ಪಹಣಿಯಲ್ಲಿ ಅಂಥದ್ದೊಂದು ಕಾಲಂ ಇಲ್ಲವೇ ಇಲ್ಲ. ಇಲ್ಲಿ ಹಾಗಲ್ಲ. ಮೇಲಿನ ನೆಲ ಒಬ್ಬನದು, ಕೆಳಗಿನ ಖನಿಜ ಇನ್ನೊಬ್ಬನದು ಆಗಬಹುದು, ಎರಡನ್ನೂ ಬೇರೆ ಬೇರೆಯಾಗಿ ಮಾರಬಹುದು.

ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. "ಎಣ್ಣೆ ಲೀಸ್ ಅಂದ್ರೆ ಪಾರ್ಟಿ ಗ್ಯಾರಂಟಿ" ಅಂತ ಬಂತೇ ಹೊರತು ಉಪಯೋಗದ ಮಾತು ಒಂದೂ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ವಕೀಲ ಅಲ್ಲ. ನಾನು ಹೇಳುವುದೆಲ್ಲ ಟೆಕ್ಸಾಸಿನ ಮಾತು, ಪಕ್ಕದ ಒಕ್ಲಹೋಮಕ್ಕೆ ಹೋದರೂ ಕಾನೂನು ಬೇರೆ.

ಮೊದಲು ಆ ಚೆಕ್ಕಿನ ವಿಷಯ. ಅದು ಚೆಕ್ ಅಲ್ಲ, ಡ್ರಾಫ್ಟ್. ನಮಗೆ ಡಿಡಿ ಅಂದರೆ ದುಡ್ಡೇ. ಬ್ಯಾಂಕ್ ಆಗಲೇ ಹಣ ಕಟ್ಟಿಸಿಕೊಂಡಿರುತ್ತದೆ, ವಾಪಸ್ ಬರುವ ಮಾತಿಲ್ಲ. ಈ ಡ್ರಾಫ್ಟ್ ಅದಕ್ಕೆ ಪೂರಾ ಉಲ್ಟಾ. ಕೆಳಗೆ ಸಣ್ಣದಾಗಿ ಬರೆದಿತ್ತು: 30 ಬ್ಯಾಂಕ್ ದಿನಗಳ ಒಳಗೆ, ಹಕ್ಕು ಸರಿಯಿದೆ ಅಂತ ಕಂಪನಿ ಒಪ್ಪಿದರೆ ಮಾತ್ರ ಹಣ. ಅಂದರೆ ನಾನು ಸಹಿ ಹಾಕಿದ ಲೀಸ್ ಅವರ ಕೈಗೆ ಹೋಗಿರುತ್ತದೆ, ಅವರು ಆರಾಮಾಗಿ ವಾರಗಟ್ಟಲೆ ಕಾಗದ ನೋಡುತ್ತಾರೆ, ಬೇಡ ಅನ್ನಿಸಿದರೆ ಡ್ರಾಫ್ಟ್ ವಾಪಸ್. ಇದು ಗೊತ್ತಿಲ್ಲದೆ ನಾನು ಆಗಲೇ 6,000 ಡಾಲರಿನಲ್ಲಿ ಟ್ರ್ಯಾಕ್ಟರ್ ನೋಡಲು ಶುರು ಮಾಡಿದ್ದೆ.

ಸೋಮವಾರ ಲ್ಯಾಂಡ್‌ಮ್ಯಾನ್ ಫೋನ್ ಮಾಡಿದ. ಕಂಪನಿ ಪರವಾಗಿ ಊರೂರು ತಿರುಗಿ ಲೀಸ್ ಸಹಿ ಹಾಕಿಸುವವರಿಗೆ ಇಲ್ಲಿ ಹಾಗೇ ಹೆಸರು. ಒಳ್ಳೆಯ ಮಾತುಗಾರ. "ಇದು ಸ್ಟ್ಯಾಂಡರ್ಡ್ ಫಾರಂ, ಎಲ್ಲರೂ ಇದಕ್ಕೇ ಸಹಿ ಹಾಕಿದ್ದಾರೆ, ಶುಕ್ರವಾರದೊಳಗೆ ಕಳಿಸಿದರೆ ಈ ರೇಟ್ ಸಿಗುತ್ತೆ" ಅಂದ. ಫಾರಂ ಮೇಲೆ ಪ್ರೊಡ್ಯೂಸರ್ಸ್ 88 ಅಂತ ದಪ್ಪ ಅಕ್ಷರದಲ್ಲಿತ್ತು. ಆಮೇಲೆ ತಿಳಿಯಿತು, ಆ ಹೆಸರಿನಲ್ಲಿ ಲೆಕ್ಕವಿಲ್ಲದಷ್ಟು ಬೇರೆ ಬೇರೆ ಫಾರಂಗಳಿವೆ. ಒಂದರ ಒಳಗಿದ್ದ ಮಾತು ಇನ್ನೊಂದರಲ್ಲಿ ಇರಬೇಕು ಅಂತಿಲ್ಲ. ಶುಕ್ರವಾರವೂ ಸುಮ್ನೆ. ಎರಡು ತಿಂಗಳು ಕಳೆದ ಮೇಲೂ ಆ ಶುಕ್ರವಾರ ಬಂದಿರಲಿಲ್ಲ.

ಅಮ್ಮನಿಗೆ ಫೋನ್ ಮಾಡಿದಾಗ ಹೇಳಿದೆ. ಎಣ್ಣೆಯಲ್ಲಿ ಇಷ್ಟು ಪಾಲು ನಮಗೆ ಕೊಡುತ್ತಾರಂತೆ ಅಂದೆ. "ಹಾಗಾದ್ರೆ ಗೇಣಿ" ಅಂದಳು. ಅಜ್ಜ ಗೇಣಿದಾರ. 1974ರ ಭೂಸುಧಾರಣೆ ಬರುವವರೆಗೂ ಒಡೆಯರಿಗೆ ಭತ್ತ ಅಳೆದವನು. ನಮ್ಮ ಕಡೆಯವರಿಗೆ ಕಾಗೋಡು ಗೊತ್ತೇ ಇದೆ. 1951ರಲ್ಲಿ ಅಲ್ಲಿ ರೈತರು ಎದ್ದು ನಿಂತಿದ್ದು ಕೊಳಗದ ಅಳತೆಯ ಜಗಳದಿಂದ. ಕೊಳಗ ಒಡೆಯನದು, ಅದರ ಗಾತ್ರ ಎಷ್ಟು ಅನ್ನುವುದೂ ಅವನದೇ ಮಾತು. ಅಮ್ಮ ಹೇಳಿದ್ದು ಇಷ್ಟೇ: "ಗೇಣಿ ಎಷ್ಟು ಅಂತ ಆಮೇಲೆ ಕೇಳು. ಅಳೆಯೋದು ಯಾರು, ಯಾವ ಕೊಳಗದಲ್ಲಿ ಅಂತ ಮೊದಲು ಕೇಳು." ಈ ಸಲ ನಾನು ಒಡೆಯ. ಆದರೆ ಕೊಳಗ ಗೇಣಿದಾರನ ಕೈಯಲ್ಲಿ.

ಮುಂದಿನ ವಾರ ರಜೆ ಹಾಕಿ ಗೊನ್ಸಾಲೆಸ್‌ನ ಕೌಂಟಿ ಕ್ಲರ್ಕ್ ಆಫೀಸಿಗೆ ಹೋದೆ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿ ಇದ್ದ ಹಾಗೆ, ಸಾಲು ಮಾತ್ರ ಇಲ್ಲ. ಹಳೆಯ ಪತ್ರಗಳನ್ನು ಯಾರು ಬೇಕಾದರೂ ನೋಡಬಹುದು, ನಕಲಿಗೆ ಪುಟಕ್ಕೆ 1 ಡಾಲರ್. ನಮ್ಮ ಕ್ರಯಪತ್ರದಿಂದ ಹಿಂದೆ ಹಿಂದೆ ಹೋದೆ. ಐದನೆಯ ಪತ್ರ 1950ರ ದಶಕದ್ದು, ಟೈಪ್‌ರೈಟರಿನಲ್ಲಿ ಹೊಡೆದದ್ದು. ಅದರ ಕೊನೆಯ ಪ್ಯಾರಾದಲ್ಲಿ ಒಂದೂವರೆ ಸಾಲು: ಮಾರುವವರು ಖನಿಜದಲ್ಲಿ ಅರ್ಧ ಪಾಲನ್ನು ತಮಗೇ ಉಳಿಸಿಕೊಂಡಿದ್ದಾರೆ.

ಎದೆ ಧಸಕ್ ಅಂತು. ಜಮೀನು ಕೊಳ್ಳುವಾಗ ಟೈಟಲ್ ಇನ್ಶೂರೆನ್ಸ್‌ಗೆ ದುಡ್ಡು ಕಟ್ಟಿದ್ದೆವು. ಅದರಲ್ಲಿ ಖನಿಜವನ್ನು ಹೊರಗಿಟ್ಟಿದ್ದರು, ಇಲ್ಲಿ ಅದು ಮಾಮೂಲು. ಅಂದರೆ ನೆಲ 12 ಎಕರೆ ಇದ್ದರೂ ಖನಿಜದ ಲೆಕ್ಕದಲ್ಲಿ ನನ್ನದು 6 ಎಕರೆ. ಇದನ್ನು ನೆಟ್ ಮಿನರಲ್ ಎಕರೆ ಅನ್ನುತ್ತಾರೆ. ಬೋನಸ್ (ಲೀಸ್ ಕೊಟ್ಟಿದ್ದಕ್ಕೆ ಮೊದಲೇ ಕೊಡುವ ದುಡ್ಡು), ಪಾಲು ಎಲ್ಲ ನಡೆಯುವುದು ಈ ಸಂಖ್ಯೆಯ ಮೇಲೆ. ಎಕರೆಗೆ 500ರಂತೆ 6,000 ಡಾಲರ್ ಆಗಿದ್ದದ್ದು ಅಲ್ಲೇ ನಿಂತಲ್ಲೇ 3,000ಕ್ಕೆ ಇಳಿಯಿತು. ಸಹಿ ಹಾಕಿ ಕಳಿಸಿದ್ದರೆ ಅವರೇ ಇದನ್ನು ಕಂಡುಹಿಡಿದು ಡ್ರಾಫ್ಟ್ ತಿದ್ದುತ್ತಿದ್ದರು, ಲೀಸ್ ಮಾತ್ರ ತಮ್ಮಲ್ಲೇ ಇಟ್ಟುಕೊಳ್ಳುತ್ತಿದ್ದರು.

ಹೆಂಡತಿಗೆ ಅರ್ಧ ಹೋಯಿತು ಅನ್ನುವುದಕ್ಕಿಂತ ಬೇರೆಯ ಚಿಂತೆ. ಟೆಕ್ಸಾಸಿನಲ್ಲಿ ಖನಿಜದ ಹಕ್ಕು ನೆಲದ ಹಕ್ಕಿಗಿಂತ ಮೇಲು. ಖನಿಜ ಇರುವವನು ಅದನ್ನು ತೆಗೆಯಲು ಬೇಕಾದಷ್ಟು ನೆಲ ಬಳಸಬಹುದು. "ಹಾಗಾದ್ರೆ ನುಗ್ಗೆ ಮರದ ಮೇಲೆ ರಿಗ್ ಬರುತ್ತಾ?" ಅಂದಳು. ಇಲ್ಲ ಅನ್ನಲು ನನ್ನ ಹತ್ತಿರ ಯಾವ ಕಾಗದವೂ ಇರಲಿಲ್ಲ. ಆವತ್ತೇ ವಕೀಲರನ್ನು ಹಿಡಿಯಬೇಕು ಅಂತ ತೀರ್ಮಾನ ಮಾಡಿದ್ದು.

ಆಸ್ತಿ ವಕೀಲರೆಲ್ಲ ಇದನ್ನು ನೋಡುವುದಿಲ್ಲ. ಇಲ್ಲಿ ಎಣ್ಣೆ, ಗ್ಯಾಸ್, ಖನಿಜ ಕಾನೂನಿಗೇ ಬೇರೆ ಬೋರ್ಡ್ ಸರ್ಟಿಫಿಕೇಟ್ ಇದೆ. ಅಂಥವರನ್ನೇ ಹುಡುಕಿ. ಮೊದಲ ಇಬ್ಬರು 6 ಎಕರೆ ಅಂತ ಕೇಳಿದ ಕೂಡಲೇ ನಯವಾಗಿ ಬೇಡ ಅಂದರು. ಮೂರನೆಯವರು ಒಪ್ಪಿದರು, ಗಂಟೆಗೆ 375 ಡಾಲರ್, ಒಟ್ಟು ಮೂರು ಗಂಟೆಯಲ್ಲಿ ಮುಗಿಸುತ್ತೇನೆ ಅಂದರು. 1,125 ಡಾಲರ್. ಬೋನಸ್‌ನ ಮೂರರಲ್ಲೊಂದಕ್ಕಿಂತ ಜಾಸ್ತಿ. ಕೊಟ್ಟೆ, ಹೊಟ್ಟೆ ಉರಿದುಕೊಂಡೇ ಕೊಟ್ಟೆ.

ಅವರು ಮೊದಲು ಕೇಳಿದ ಪ್ರಶ್ನೆ: "ಇದು ಎಷ್ಟು ವರ್ಷದ ಲೀಸ್?" ಮೂರು ವರ್ಷ ಅಂದೆ. ತಪ್ಪು. ಮೂರು ವರ್ಷ ಅನ್ನುವುದು ಬಾವಿ ತೋಡಲು ಅವರಿಗಿರುವ ಗಡುವು. ಅಷ್ಟರೊಳಗೆ ಎಣ್ಣೆ ಬಂದರೆ, ಲಾಭ ಬರುವಷ್ಟು ಬರುತ್ತಿರುವವರೆಗೂ ಲೀಸ್ ನಡೆಯುತ್ತಲೇ ಇರುತ್ತದೆ. ಮೂವತ್ತು ವರ್ಷವಾದರೂ ಸರಿ, ಮೊಮ್ಮಕ್ಕಳ ಕಾಲವಾದರೂ ಸರಿ. ಬಾಡಿಗೆ ಮನೆ, ಭೋಗ್ಯ, ಹನ್ನೊಂದು ತಿಂಗಳ ಕರಾರು, ಇವೆಲ್ಲ ತಲೆಯಲ್ಲಿದ್ದರೆ ತೆಗೆದುಹಾಕಿ. ಟೆಕ್ಸಾಸಿನ ಕಾನೂನಿನ ಕಣ್ಣಲ್ಲಿ ಇದು ಒಂಥರಾ ಮಾರಾಟವೇ. ಗಡುವಿನೊಳಗೆ ಎಣ್ಣೆ ಬರದಿದ್ದರೆ, ಇಲ್ಲವೇ ಬಂದದ್ದು ನಿಂತರೆ ಮಾತ್ರ ಆಸ್ತಿ ವಾಪಸ್ ಬರುತ್ತದೆ.

ಎರಡನೆಯದು ಪಾಲು, ಅಂದರೆ ರಾಯಲ್ಟಿ. ಹಳೆಯ ಕಾಲದಲ್ಲಿ ಎಂಟರಲ್ಲೊಂದು ಪಾಲು ರೂಢಿ. ನನಗೆ ಬಂದ ಫಾರಂನಲ್ಲಿ ಹದಿನಾರರಲ್ಲಿ ಮೂರು, ಅಂದರೆ ಶೇಕಡ 18.75. ಈ ಕಡೆ 20ರಿಂದ 25ರವರೆಗೆ ಸಿಗುತ್ತದೆ ಅಂದರು. ನಾನು ಶೇಕಡಾವಾರಿಗೇ ಜಗಳ ಮಾಡೋಣ ಅಂತಿದ್ದೆ. ಅವರು ಪೆನ್ನು ಇಟ್ಟದ್ದು ಅದೇ ವಾಕ್ಯದ ಕೊನೆಯ ಮೂರು ಪದಗಳ ಮೇಲೆ. "ಅಟ್ ದ ವೆಲ್", ಅಂದರೆ ಪಾಲಿನ ಲೆಕ್ಕ ಬಾವಿಯ ಬಾಯಲ್ಲಿ ಇರುವ ಮಾರುಕಟ್ಟೆ ಬೆಲೆಗೆ ಅಂತ ಮಾಡುವ ಪದಗಳು.

ಅಡಿಕೆ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ನೀವು ತೋಟವನ್ನು ಪಾಲಿಗೆ ಕೊಟ್ಟಿದ್ದೀರಿ ಅಂದುಕೊಳ್ಳಿ. ನಿಮ್ಮ ಪಾಲಿನ ಲೆಕ್ಕ ಸಾಗರದ ಮಂಡಿಯಲ್ಲಿ ಸಿಕ್ಕ ರೇಟಿಗೋ, ಮರದಿಂದ ಇಳಿಸಿದ ಹಸಿ ಗೊನೆಯ ರೇಟಿಗೋ? ಹಸಿ ಗೊನೆ ಅಂತ ಬರೆದಿದ್ದರೆ, ಮಂಡಿ ರೇಟಿನಿಂದ ಸುಲಿದ ಕೂಲಿ, ಬೇಯಿಸಿದ ಸೌದೆ, ಒಣಗಿಸಿದ ಖರ್ಚು, ಲಾರಿ ಬಾಡಿಗೆ ಎಲ್ಲ ಕಳೆದು ಉಳಿದದ್ದರಲ್ಲಿ ನಿಮ್ಮ ಪಾಲು. ಗ್ಯಾಸ್‌ನಲ್ಲೂ ಹಾಗೇ. ಪೈಪಿನಲ್ಲಿ ಕೂಡಿಸಿದ್ದು, ಒತ್ತಡ ಏರಿಸಿದ್ದು, ಶುದ್ಧ ಮಾಡಿದ್ದು, ಸಾಗಿಸಿದ್ದು ಅಂತ ಒಂದೊಂದಕ್ಕೂ ಕಳೆಯುತ್ತಾರೆ. ಲೆಕ್ಕ ಬರೆಯುವವರು ಅವರೇ. ಕೊಳಗ ಸಿಕ್ಕಿತು.

ಹಾಗಾದರೆ "ಯಾವ ಖರ್ಚನ್ನೂ ಕಳೆಯಬಾರದು" ಅಂತ ಒಂದು ಸಾಲು ಸೇರಿಸಿದರೆ ಆಯ್ತಲ್ಲ ಅಂದೆ. ವಕೀಲರು ನಕ್ಕರು. ಹೆರಿಟೇಜ್ ರಿಸೋರ್ಸಸ್ ಮತ್ತು ನೇಷನ್ಸ್‌ಬ್ಯಾಂಕ್ ನಡುವಿನ 1996ರ ಕೇಸಿನಲ್ಲಿ ಲೀಸ್‌ನಲ್ಲಿ ಹಾಗೇ ಬರೆದಿತ್ತಂತೆ. ಆದರೂ ಟೆಕ್ಸಾಸ್ ಸುಪ್ರೀಂ ಕೋರ್ಟ್ ಕಂಪನಿ ಪರ ತೀರ್ಪು ಕೊಟ್ಟಿತು. ಬಾವಿಯ ಬಾಯಲ್ಲಿನ ಬೆಲೆ ಅಂದಮೇಲೆ ಆಮೇಲಿನ ಖರ್ಚು ಅದರೊಳಗೇ ಕಳೆದುಹೋಗಿದೆ, ಆ ಸಾಲಿಗೆ ಕೆಲಸವೇ ಇಲ್ಲ ಅಂತ. ಹಾಗಾಗಿ ಸಾಲು ಸೇರಿಸಿದರೆ ಸಾಲದು, ಆ ಮೂರು ಪದಗಳನ್ನೇ ಕಿತ್ತು ಹಾಕಬೇಕು. ಅವುಗಳ ಜಾಗದಲ್ಲಿ, ಸಂಬಂಧವಿಲ್ಲದ ಹೊರಗಿನ ಖರೀದಿದಾರನಿಗೆ ಮಾರಿದಾಗ ಬಂದ ಪೂರ್ತಿ ಬೆಲೆಯ ಮೇಲೆ ಪಾಲು ಅಂತ ಬರೆಯಬೇಕು. "ಸಂಬಂಧವಿಲ್ಲದ" ಯಾಕೆ ಅಂದರೆ, ಕಂಪನಿ ತನ್ನದೇ ಇನ್ನೊಂದು ಕಂಪನಿಗೆ ಕಡಿಮೆ ಬೆಲೆಗೆ ಮಾರಿ ಲೆಕ್ಕ ತೋರಿಸಬಾರದಲ್ವಾ.

ಮೂರನೆಯದು ಪೂಲಿಂಗ್. ನನ್ನ 12 ಎಕರೆಯಲ್ಲಿ ಯಾರೂ ಬಾವಿ ತೋಡುವುದಿಲ್ಲ. ಈಗಿನ ಬಾವಿ ಕೆಳಗಿಳಿದು ಅಡ್ಡ ತಿರುಗಿ ಮೈಲಿಗಟ್ಟಲೆ ಹೋಗುತ್ತದೆ. ಅದರ ಹಾದಿಯಲ್ಲಿರುವ ಹತ್ತಾರು ಜನರ ಜಮೀನನ್ನು ಒಟ್ಟು ಸೇರಿಸಿ ಒಂದು ಯೂನಿಟ್ ಮಾಡುತ್ತಾರೆ. ಯೂನಿಟ್‌ನಲ್ಲಿ ಎಲ್ಲಿ ಎಣ್ಣೆ ಬಂದರೂ ಎಲ್ಲರ ಜಮೀನಿನಲ್ಲೂ ಬಂದಂತೆ ಲೆಕ್ಕ. ಇದು ಒಳ್ಳೆಯದೇ. ತೊಂದರೆ ಏನೆಂದರೆ, ನಿಮ್ಮ ಒಂದು ಮೂಲೆ ಮಾತ್ರ ಯೂನಿಟ್‌ಗೆ ಸೇರಿದರೂ ಲೀಸ್‌ನಲ್ಲಿರುವ ಅಷ್ಟೂ ಜಮೀನು ಅವರ ಹಿಡಿತದಲ್ಲೇ ಉಳಿಯುತ್ತದೆ. ಅದಕ್ಕೆ ಪ್ಯೂ ಕ್ಲಾಸ್ ಅಂತ ಒಂದು ಷರತ್ತು ಹಾಕಿಸಬೇಕು. 1947ರಲ್ಲಿ ಲೂಸಿಯಾನದ ಪ್ಯೂ ಅನ್ನುವ ವಕೀಲ ಮೊದಲು ಬರೆದದ್ದಂತೆ. ಯೂನಿಟ್‌ನ ಹೊರಗೆ ಉಳಿದ ಜಮೀನು ಗಡುವು ಮುಗಿದಮೇಲೆ ಬಿಡುಗಡೆ. ನನ್ನಂಥ ಚಿಕ್ಕ ಹಿಡುವಳಿಗೆ ಇದು ಅಷ್ಟು ಬೇಕಿಲ್ಲ ಅಂದುಕೊಂಡಿದ್ದೆ. ಯಾರಿಗೆ ಬೇಕಿತ್ತು ಅಂತ ಆಮೇಲೆ ನೋಡಿದೆ.

ಉಳಿದವು ಚುಟುಕಾಗಿ. ಗ್ಯಾಸ್ ಬಾವಿಯನ್ನು ಮುಚ್ಚಿಟ್ಟು ವರ್ಷಕ್ಕೆ ಎಕರೆಗೆ 1 ಡಾಲರ್ ಕೊಟ್ಟು ಲೀಸ್ ಉಳಿಸಿಕೊಳ್ಳುವ ಷರತ್ತು ಇತ್ತು, ಅದಕ್ಕೆ ಎರಡು ವರ್ಷದ ಮಿತಿ ಹಾಕಿಸಿದೆವು. ಹಕ್ಕಿಗೆ ನಾನೇ ಗ್ಯಾರಂಟಿ ಅನ್ನುವ ಸಾಲು ತೆಗೆಸಿದೆವು. 1950ರ ದಶಕದ ಆ ಒಂದೂವರೆ ಸಾಲು ನೋಡಿದಮೇಲೆ ಯಾವ ಧೈರ್ಯದಲ್ಲಿ ಗ್ಯಾರಂಟಿ ಕೊಡಲಿ? ನೆಲದ ಮೇಲೆ ಯಾವ ಕೆಲಸವೂ ಮಾಡುವಂತಿಲ್ಲ ಅನ್ನುವ ಷರತ್ತನ್ನು ಹೆಂಡತಿ ತಾನೇ ಓದಿ ಒಪ್ಪಿದಳು. ಒಂದು ಮಾತು ನೆನಪಿರಲಿ, ಇದು ನಮ್ಮ ಅರ್ಧಕ್ಕೆ ಮಾತ್ರ. ಉಳಿದ ಅರ್ಧದವರ ಲೀಸ್‌ನಲ್ಲಿ ಏನಿದೆ ಅನ್ನುವುದು ನಮ್ಮ ಕೈಯಲ್ಲಿಲ್ಲ.

ಇಮೇಲ್ ಹೋಗಿ ಬಂದು ಆರು ವಾರ. ನಡುವೆ ಹದಿನೇಳು ದಿನ ಲ್ಯಾಂಡ್‌ಮ್ಯಾನ್‌ನಿಂದ ಒಂದಕ್ಷರವೂ ಇಲ್ಲ. ಅತಿಯಾಸೆಗೆ ಹೋಗಿ ಬಂದದ್ದನ್ನೂ ಕಳೆದುಕೊಂಡೆವೇನೋ ಅಂತ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಹದಿನೆಂಟನೆಯ ದಿನ ಉತ್ತರ ಬಂತು. ಎಕರೆಗೆ 700 ಡಾಲರ್, ಪಾಲು ಶೇಕಡ 22.5, ಖರ್ಚಿನ ವಾಕ್ಯ ನಾವು ಹೇಳಿದಂತೆ. ಇನ್ನೂ ಎರಡು ವರ್ಷ ಗಡುವು ಮುಂದುವರಿಸುವ ಹಕ್ಕನ್ನು ಮಾತ್ರ ಬಿಡಲಿಲ್ಲ, ಮುಂದುವರಿಸಿದರೆ ಅದೇ ಬೋನಸ್ ಇನ್ನೊಂದು ಸಲ ಕೊಡಬೇಕು ಅಂತ ಒಪ್ಪಿಸಿದೆವು.

ಸಹಿ ಹಾಕುವಾಗ ನಮ್ಮವರಿಗೇ ಮೀಸಲಾದ ತೊಂದರೆ ಬಂತು. ಟೆಕ್ಸಾಸಿನಲ್ಲಿ ಮದುವೆಯಾದ ಮೇಲೆ ಕೊಂಡ ಆಸ್ತಿ ಗಂಡಹೆಂಡತಿ ಇಬ್ಬರದೂ, ಇಬ್ಬರ ಸಹಿಯೂ ಬೇಕು ಅಂದರು. ನನ್ನ ಹೆಸರು ಕ್ರಯಪತ್ರದಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರಿನೊಂದಿಗೆ ಇದೆ, ಲೈಸೆನ್ಸ್‌ನಲ್ಲಿ ಊರು ಕೊನೆಗೆ ಹೋಗಿದೆ. ಹೆಂಡತಿಯ ಮೊದಲ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ. ಹಾಗಾಗಿ ಹಳೆಯ ವೀಸಾದಲ್ಲಿ ಅವಳ ಹೆಸರಿನ ಮುಂದೆ ಎಫ್‌ಎನ್‌ಯು ಅಂತ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ ಬಂದಿತ್ತು. ಅದೇ ಕ್ರಯಪತ್ರಕ್ಕೂ ಇಳಿದಿತ್ತು. ಕಾಗದ ನೋಡುವವನು ಮೇಲ್ ಮಾಡಿದ: "ಈ ಫ್ನು ಯಾರು? ಅವರೂ ಸಹಿ ಹಾಕಬೇಕು." ಹೆಸರು ಬೇರೆ ಬೇರೆ ಥರ ಇದ್ದರೂ ವ್ಯಕ್ತಿ ಒಬ್ಬರೇ ಅಂತ ಇಬ್ಬರದೂ ಅಫಿಡವಿಟ್ ಮಾಡಿಸಿ, ಕೌಂಟಿಯಲ್ಲಿ ದಾಖಲಿಸಿ ಕೊಡುವ ಹೊತ್ತಿಗೆ ಇನ್ನೂ ಐದು ವಾರ. ನಿಮ್ಮ ಪತ್ರಗಳಲ್ಲಿ ಹೆಸರು ಹೀಗೆ ಚೆಲ್ಲಾಪಿಲ್ಲಿ ಇದ್ದರೆ ಮೊದಲೇ ಸರಿ ಮಾಡಿಸಿಕೊಳ್ಳಿ.

ಜೂನ್‌ನಲ್ಲಿ 4,200 ಡಾಲರ್ ಬಂತು. ಬೋನಸ್ ಅನ್ನು ತೆರಿಗೆಯವರು ಬಾಡಿಗೆಯ ಸಾಲಿನಲ್ಲಿ ಹಾಕುತ್ತಾರೆ, ಪೂರ್ತಿಗೂ ತೆರಿಗೆ. ಮುಂದೆ ಬರುವ ರಾಯಲ್ಟಿಗಾದರೆ ನೆಲದ ಎಣ್ಣೆ ಬರಿದಾಗುತ್ತದೆ ಅನ್ನುವ ಲೆಕ್ಕದಲ್ಲಿ ಶೇಕಡ 15ರಷ್ಟನ್ನು ತೆರಿಗೆ ಬೀಳುವ ಮೊತ್ತದಿಂದ ಕಳೆಯಬಹುದು, ಅದಕ್ಕೆ ಡಿಪ್ಲಿಷನ್ ಅನ್ನುತ್ತಾರೆ. ಟ್ರ್ಯಾಕ್ಟರ್ ಬರಲಿಲ್ಲ.

ಆಮೇಲೆ ಕಾಯುವುದು. ರೈಲ್‌ರೋಡ್ ಕಮಿಷನ್ ಅಂತ ಒಂದು ಸರ್ಕಾರಿ ಸಂಸ್ಥೆ ಇದೆ, ಹೆಸರು ಹಾಗಿದ್ದರೂ ರೈಲಿಗೂ ಅದಕ್ಕೂ ಈಗ ಸಂಬಂಧ ಇಲ್ಲ, ಟೆಕ್ಸಾಸಿನ ಎಣ್ಣೆ ಬಾವಿಗಳೆಲ್ಲ ಅದರ ಕೈಕೆಳಗೆ. ಅವರ ನಕ್ಷೆ ಎಲ್ಲರಿಗೂ ಪುಕ್ಕಟೆ. ಒಂದೂವರೆ ವರ್ಷ ಅದನ್ನು ನೋಡುವುದೇ ನನಗೆ ಚಟವಾಯಿತು. 2024ರ ಶರತ್ಕಾಲದಲ್ಲಿ ಒಂದು ದಿನ ನಕ್ಷೆಯಲ್ಲಿ ನಮ್ಮ ಜಮೀನಿನ ಮೇಲೆ ಹೊಸ ಬಾವಿಯ ಗೆರೆ ಹಾದುಹೋಗಿತ್ತು. ರಿಗ್ ನಿಂತದ್ದು ಒಂದು ಮೈಲಿ ಆಚೆ. ನುಗ್ಗೆ ಮರಕ್ಕೆ ಗೊತ್ತೇ ಆಗಲಿಲ್ಲ.

2025ರ ಫೆಬ್ರವರಿಯಲ್ಲಿ ಎಣ್ಣೆ ಮಾರಾಟ ಶುರುವಾಯಿತು. ಮೊದಲ ಮಾರಾಟದ ತಿಂಗಳು ಮುಗಿದ 120 ದಿನದೊಳಗೆ ಹಣ ಶುರುವಾಗಬೇಕು ಅಂತ ಕಾನೂನು. ಮೇ ತಿಂಗಳಲ್ಲಿ ಡಿವಿಷನ್ ಆರ್ಡರ್ ಬಂತು. ನಿಮ್ಮ ಪಾಲು ಇಷ್ಟು, ಒಪ್ಪಿ ಸಹಿ ಹಾಕಿ ಅನ್ನುವ ಒಂದೇ ಹಾಳೆ. ಅದರಲ್ಲಿ 0.00175781 ಅಂತ ಒಂದು ಸಂಖ್ಯೆ. ಇಲ್ಲಿ ಕ್ಯಾಲ್ಕುಲೇಟರ್ ತೆಗೆಯಿರಿ. ನಿಮ್ಮ ನೆಟ್ ಎಕರೆಯನ್ನು ಯೂನಿಟ್‌ನ ಎಕರೆಯಿಂದ ಭಾಗಿಸಿ, ಪಾಲಿನಿಂದ ಗುಣಿಸಿ. ನನ್ನದು 6 ಎಕರೆ, ಯೂನಿಟ್ 640 ಎಕರೆ, ಪಾಲು 0.225. ಉತ್ತರ 0.00210938 ಬರಬೇಕು. ಅವರು ಹಾಕಿದ್ದು ಹಳೆಯ ಫಾರಂನ ಹದಿನಾರರಲ್ಲಿ ಮೂರು. ಬೇಕಂತಲೇ ಮಾಡಿದರು ಅನ್ನಲಾರೆ, ಯಾರೋ ಹಳೆಯ ಫೈಲ್ ತೆರೆದಿರಬೇಕು. ಆದರೆ ಸಹಿ ಹಾಕಿದ್ದರೆ, ನಾನು ಅದನ್ನು ರದ್ದು ಮಾಡುವವರೆಗೆ ಆ ಲೆಕ್ಕದಲ್ಲೇ ಹಣ ಬರುತ್ತಿತ್ತು. ದಾಖಲಾದ ಲೀಸ್‌ನ ನಕಲು ಲಗತ್ತಿಸಿ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಏಳು ವಾರ, ನಾಲ್ಕು ಫೋನ್, ಮೂರು ಬೇರೆ ಬೇರೆ ಜನ. ಕೊನೆಗೆ ತಿದ್ದಿದ ಹಾಳೆ ಬಂತು.

ಆಗಸ್ಟ್‌ನಲ್ಲಿ ಮೊದಲ ಚೆಕ್. ಮಾರ್ಚ್ ತಿಂಗಳ ಎಣ್ಣೆಯ ಸಾಲು ಹೀಗಿತ್ತು: 10,000 ಬ್ಯಾರಲ್, ಬ್ಯಾರಲ್‌ಗೆ 67 ಡಾಲರ್, ನನ್ನ ಪಾಲು 1,413.28. ಅದರಲ್ಲಿ ರಾಜ್ಯದ ತೆರಿಗೆ ಶೇಕಡ 4.6, ಅಂದರೆ 65.01 ಕಳೆದು 1,348.27. ಹಳೆಯ ಸಂಖ್ಯೆಗೆ ಸಹಿ ಹಾಕಿದ್ದರೆ ತೆರಿಗೆಗೆ ಮುಂಚೆಯೇ 235 ಡಾಲರ್ ಕಡಿಮೆ, ಒಂದೇ ತಿಂಗಳಿಗೆ. ಈ ಮೊತ್ತ ನೋಡಿ ಕೆಲಸ ಬಿಡುವ ಯೋಚನೆ ಬೇಡ. ಶೇಲ್ ಬಾವಿಗಳು ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಜಾಸ್ತಿ ಇಳಿಯುತ್ತವೆ. ಕೌಂಟಿಯವರು ಇನ್ನು ಮೇಲೆ ಇದಕ್ಕೂ ಆಸ್ತಿ ತೆರಿಗೆ ಹಾಕುತ್ತಾರೆ.

ಆ ವಾರಾಂತ್ಯ ತೋಟಕ್ಕೆ ಹೋದಾಗ ಪಕ್ಕದ ಜಮೀನಿನ ಮುದುಕ ಬೇಲಿ ಹತ್ತಿರ ಪಿಕಪ್ ನಿಲ್ಲಿಸಿದ. ದನ ಸಾಕುವವನು, ನಮ್ಮ ಬೋರ್‌ವೆಲ್ ಕೆಟ್ಟಾಗ ಬಂದು ಸರಿ ಮಾಡಿಕೊಟ್ಟವನು. ಅವನಿಗೂ ಚೆಕ್ ಬಂದಿತ್ತು. ಪಿಕಪ್‌ನ ಹಿಂದಿನ ಹಲಗೆ ಇಳಿಸಿ ಇಬ್ಬರ ಹಾಳೆಗಳನ್ನೂ ಪಕ್ಕ ಪಕ್ಕ ಇಟ್ಟು, ಹಾರದಂತೆ ಇಕ್ಕಳ ಹೇರಿದೆವು. ಅದೇ ಬಾವಿ, ಅದೇ ತಿಂಗಳು. ಗ್ಯಾಸ್‌ನ ಸಾಲಿಗೆ ಬಂದಾಗ ನನ್ನ ಹಾಳೆಯಲ್ಲಿ ತೆರಿಗೆ ಮಾತ್ರ. ಅವನದರಲ್ಲಿ ತೆರಿಗೆಯ ಕೆಳಗೆ ಇನ್ನೂ ನಾಲ್ಕು ಸಾಲು, ಒಂದೊಂದರ ಮುಂದೆಯೂ ಮೈನಸ್. ಅವನು ಬೆರಳಿಟ್ಟು ಒಂದೊಂದೇ ಓದಿದ.

"ರಸ್ತೆಯಾಚೆ ನಂದು 40 ಎಕರೆ ಇದೆಯಲ್ಲ, ಅದು ಈ ಯೂನಿಟ್‌ನಲ್ಲಿಲ್ಲ. ಬೇರೆ ಕಂಪನಿಯವರು ಕೇಳ್ತಿದ್ದಾರೆ, ಒಳ್ಳೆಯ ರೇಟ್" ಅಂದ. ಎರಡೂ ಒಂದೇ ಲೀಸ್‌ನಲ್ಲಿದೆಯಾ ಅಂತ ಕೇಳಿದೆ. ಹೌದು ಅಂದ. ಮೂರು ವರ್ಷ ಮುಗಿಯುತ್ತಾ ಬಂತಲ್ಲ, ಬಿಡುಗಡೆ ಆಗುತ್ತೆ ಅಂದ. ಪ್ಯೂ ಕ್ಲಾಸ್ ಇದೆಯಾ ಅಂತ ಕೇಳಿದೆ. ಹಾಗಂದರೇನು ಅಂತ ನನ್ನ ಮುಖ ನೋಡಿದ. ಲೀಸ್ ತಂದಿದ್ದೀಯಾ ಅಂದೆ. ಗ್ಲೋವ್ ಡಬ್ಬಿಯಿಂದ ತೆಗೆದು ಕೊಟ್ಟ. ಐದು ಪುಟ, ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಕಾರಿನಲ್ಲಿತ್ತು, ತರಲು ಹೋದೆ.